ನುಸಿಯ ವಯಸ್ಸು

ಘಟ್ಟದ ಮೇಲಿನವರು ಸೊಳ್ಳೆಯೆಂದು ಕರೆಯುವ ಪ್ರಾಣಿಯನ್ನು ದಕ್ಷಿಣ ಕನ್ನಡದವರಾದ ನಾವು ನುಸಿ ಎನ್ನುತ್ತೇವೆ. ತುಳುವಿನಲ್ಲಿ ಅದು ಉಮಿಲು. ಮೈಸೂರು ಸೀಮೆಯ ನೆಂಟರೊಡನೆ 'ರಾತ್ರಿಯೆಲ್ಲ ನುಸಿಯ ಕಾಟ' ಎಂದು ಹೇಳಿದರೆ ಅವರು ಅಕ್ಕಿಯ ಡಬ್ಬಿಯ ಕಡೆಗೆ ನೋಡುತ್ತಾರೆ. ಅವರಿಗೆ ನುಸಿಯೆಂದರೆ ದವಸಕ್ಕೆ ಹತ್ತುವ ಹುಳು. ಒಂದೇ ಹೆಸರಿನ ಈ ಎರಡು ಜೀವಿಗಳಿಗೆ ಹೆಸರನ್ನು ಬಿಟ್ಟರೆ ಬೇರೆ ನಂಟಿಲ್ಲವೆಂದು ನಾನು ಬಹುಕಾಲ ತಿಳಿದಿದ್ದೆ. ಜ್ವರ ತರುವ ನುಸಿಯ ಮೈಯನ್ನು ಬೆಳಕಿನಿಂದ ಓದುವ ಹೊಸ ವಿದ್ಯೆ, ದವಸದ ನುಸಿಯನ್ನು ಹುಡುಕುವ ವಿದ್ಯೆಯಿಂದಲೇ ಕವಲೊಡೆದು ಬಂತೆಂದು ತಿಳಿದಾಗ ನಮ್ಮ ಮಾತಿನ ಗೊಂದಲದಲ್ಲೂ ಏನೋ ಒಂದು ಅರ್ಥವಿತ್ತೆನ್ನಿಸಿತು. ಆ ವಿದ್ಯೆಯ ಮಾತಿಗೆ ಬರುವ ಮೊದಲು ಜ್ವರದ ಮಾತನ್ನು ಆಡಬೇಕು.

ಉಪ್ಪಿನಂಗಡಿಯಲ್ಲಿ ನೇತ್ರಾವತಿ, ಕುಮಾರಧಾರೆಗಳ ಸಂಗಮ. ಕುಮಾರಧಾರೆಯ ಜಾಡು ಹಿಡಿದು ಮೂಡಣಕ್ಕೆ ಹೋದರೆ ಕಡಬ, ಅದರಾಚೆ ಸುಬ್ರಹ್ಮಣ್ಯ. ಪುತ್ತೂರಿನಿಂದ ತೆಂಕುಮೂಡಣಕ್ಕೆ ತಿರುಗಿ ಪಯಸ್ವಿನಿಯ ದಂಡೆಗೆ ಬಂದರೆ ಸುಳ್ಯ, ಅಲ್ಲಿಂದ ಸಂಪಾಜೆಯ ಘಟ್ಟ. ಮದರಾಸು ಪ್ರಾಂತದ ಕಾಲದಲ್ಲಿ ಈ ಸೀಮೆಯೆಲ್ಲ ಒಂದೇ ತಾಲೂಕಾಗಿತ್ತು. ಇಂದು ಮೂರಾಗಿದೆ, ಕಡಬ ಅವುಗಳಲ್ಲಿ ಕಿರಿಯದು. ಎತ್ತ ನೋಡಿದರೂ ಅಡಕೆ ತೋಟ, ತೋಟದ ಕಣಿ, ಕಣಿಯ ನೀರು ಸೇರುವ ತೋಡು, ತೋಡಿಗೆ ಹಾಕಿದ ಕಟ್ಟ, ಅದರ ಮೇಲೆ ಕಾಡು. ಕಣ್ಣಿಗೆ ಇಷ್ಟು ತಂಪಾದ ಈ ನಾಡಿಗೆ ಹೆಣ್ಣು ಕೊಡಲು ಕಡಲ ಕರೆಯವರು ಒಂದು ಕಾಲಕ್ಕೆ ಹಿಂದುಮುಂದು ನೋಡುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು. ಕಾರಣ ಚಳಿಜ್ವರ. ಮೊದಲು ಮೂರು ಕಂಬಳಿ ಹೊದಿಸಿದರೂ ನಿಲ್ಲದ ನಡುಕ, ಆಮೇಲೆ ಮೈಸುಡುವ ತಾಪ, ಕೊನೆಗೆ ಚಾಪೆ ಒದ್ದೆಯಾಗುವಷ್ಟು ಬೆವರು. ಒಂದು ದಿನ ಬಿಟ್ಟು ಮತ್ತೆ ಅದೇ. ವರ್ಷ ಎರಡು ವರ್ಷ ಹೀಗೆ ನಡೆದರೆ ಮಗುವಿನ ಎಡಪಕ್ಕೆಯಲ್ಲಿ ಜ್ವರಗಡ್ಡೆ ಕೈಗೆ ಸಿಕ್ಕುತ್ತಿತ್ತು. ದೀಪಾವಳಿಯಾದ ಮೇಲೆ ಕೂಲಿಗಾಗಿ ಘಟ್ಟ ಹತ್ತಿ ಕಾಫಿತೋಟಗಳಿಗೆ ಹೋದವರು ಮಳೆಗೆ ಮುಂಚೆ ಮರಳಿ ಬರುವಾಗ, ಗಳಿಸಿದ ಹಣದ ಜೊತೆಗೆ ಈ ಜ್ವರವನ್ನೂ ಗಂಟು ಕಟ್ಟಿ ತರುತ್ತಿದ್ದರು.

ದೋಷ ನೀರಿನದೆಂದು ಕೆಲವರು, ಗಾಳಿಯದೆಂದು ಕೆಲವರು ನಂಬಿದ್ದರು. ಇದರಲ್ಲಿ ನಮ್ಮವರನ್ನು ಹಳಿಯಬೇಕಾದ್ದಿಲ್ಲ. ಮಲೇರಿಯಾ ಎಂಬ ಇಟಲಿಯ ಮಾತಿನ ಅರ್ಥವೇ 'ಕೆಟ್ಟ ಗಾಳಿ'. ನೀಲಗಿರಿಯಲ್ಲಿ ಸಿಂಕೋನ ಮರ ಬೆಳೆಸಿ, ಅದರ ತೊಗಟೆಯಿಂದ ಕ್ವಿನೈನ್ ತೆಗೆದು, ಅಂಚೆಕಚೇರಿಗಳಲ್ಲಿ ಸಣ್ಣ ಪೊಟ್ಟಣ ಕಟ್ಟಿ ಕಾಸಿಗೆ ಮಾರುತ್ತಿದ್ದ ಸರಕಾರಕ್ಕೂ ರೋಗ ಬರುವ ದಾರಿ ತಿಳಿದಿರಲಿಲ್ಲ. ಮದ್ದು ಸಿಕ್ಕಿ ಎಷ್ಟೋ ಕಾಲವಾದ ಮೇಲೆ ಕಾರಣ ಸಿಕ್ಕಿದ ರೋಗಗಳಲ್ಲಿ ಇದೊಂದು.

ಕಾರಣವನ್ನು ಕಂಡ ರೊನಾಲ್ಡ್ ರಾಸನಿಗೆ ನುಸಿಯ ಮೊದಲ ಪಾಠವಾದದ್ದು ನಮ್ಮ ಬೆಂಗಳೂರಿನಲ್ಲಿ. ೧೮೮೩ರಲ್ಲಿ ಅಲ್ಲಿನ ದಂಡಿನಲ್ಲಿ ವೈದ್ಯನಾಗಿದ್ದಾಗ, ತನ್ನ ಬಂಗಲೆಯ ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಕುಣಿಯುವುದನ್ನು ಕಂಡು ಅವನು ಅದನ್ನು ಮಗುಚಿ ಹಾಕಿಸಿದ. ನುಸಿಯ ಕಾಟ ಇಳಿಯಿತು. ಊಟದ ಮನೆಯಲ್ಲೂ ಹಾಗೆಯೇ ಮಾಡೋಣವೆಂದರೆ ಅಲ್ಲಿನ ದಂಡಿನ ಅಧಿಕಾರಿ ಒಪ್ಪಲಿಲ್ಲವಂತೆ. ಸೃಷ್ಟಿಯ ಕ್ರಮವನ್ನು ಕೆಡಿಸಬಾರದೆಂಬುದು ಆತನ ವಾದ. ಕಚೇರಿಗಳಲ್ಲಿ ಕೆಲಸ ಮಾಡಿದ ವಾಚಕರಿಗೆ ಈ ವಾದ ಹೊಸದಲ್ಲ.

ಮುಂದೆ ೧೮೯೭ರಲ್ಲಿ ನೀಲಗಿರಿಯ ಸೀಗೂರು ಘಟ್ಟದಲ್ಲಿ ಸ್ವತಃ ಚಳಿಜ್ವರಕ್ಕೆ ಸಿಕ್ಕಿ ಬಿದ್ದೆದ್ದ ರಾಸ್, ಅದೇ ವರ್ಷ ಸಿಕಂದರಾಬಾದಿಗೆ ಹಿಂದಿರುಗಿ, ಹುಸೇನ್ ಖಾನ್ ಎಂಬ ರೋಗಿಯ ತೋಳಿನ ಮೇಲೆ ನುಸಿಗಳನ್ನು ಬಿಟ್ಟು ರಕ್ತ ಕುಡಿಸಿದ. ಒಂದು ನುಸಿ ಕಚ್ಚಿದರೆ ಒಂದು ಆಣೆ ಕೂಲಿ. ಆಗಸ್ಟ್ ತಿಂಗಳ ಸೆಕೆ. ಪಂಖ ಬೀಸಿದರೆ ಕೊಯ್ದಿಟ್ಟ ನುಸಿ ಹಾರಿಹೋಗುತ್ತದೆಂದು ಪಂಖ ನಿಲ್ಲಿಸಿದ್ದ. ಹಣೆಯ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಕಣ್ಣಿಡುವ ಗಾಜು ಬಿರುಕು ಬಿಟ್ಟಿತ್ತು. ಆಗಸ್ಟ್ ೨೦ರಂದು, ರೆಕ್ಕೆಯಲ್ಲಿ ಚುಕ್ಕೆಯುಳ್ಳ ಒಂದು ನುಸಿಯ ಹೊಟ್ಟೆಯ ಗೋಡೆಯಲ್ಲಿ ಅವನು ಕರಿಯ ಕಣಗಳುಳ್ಳ ಗುಂಡನೆಯ ಕೋಶಗಳನ್ನು ಕಂಡ. ಮನುಷ್ಯನ ರಕ್ತದಲ್ಲಿನ ರೋಗಾಣು ನುಸಿಯ ಹೊಟ್ಟೆಯಲ್ಲಿ ಬೆಳೆಯುತ್ತಿತ್ತು. ೧೯೦೨ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು.

ಹುಳುವಿನೊಳಗಿನ ಸೋಂಕನ್ನು ಗಾಜು ಬೆಳಕುಗಳಿಂದ ಕಂಡವರಲ್ಲಿ ರಾಸನೇ ಮೊದಲಿಗನಲ್ಲ. ಅವನಿಗಿಂತ ಮೂವತ್ತು ವರ್ಷ ಮೊದಲೇ ಫ್ರಾನ್ಸಿನ ಲೂಯಿ ಪಾಸ್ಚರ್ ರೇಷ್ಮೆಹುಳುವಿನ ಪೆಬ್ರಿನ್ ರೋಗಕ್ಕೆ ಇದೇ ದಾರಿಯಲ್ಲಿ ಪರಿಹಾರ ಕಂಡಿದ್ದ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುವುದು. ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಡುವುದು. ಮೈಸೂರು ಸೀಮೆಯ ರೇಷ್ಮೆ ಬಿತ್ತನೆಯ ಕೇಂದ್ರಗಳಲ್ಲಿ ಈ ಪದ್ಧತಿ ಇಂದಿಗೂ ನಡೆದಿದೆ. ಪಾಸ್ಚರನಿಗೂ ರಾಸನಿಗೂ ಒಂದೇ ಕಷ್ಟ: ನೋಡಬೇಕಾದರೆ ಕೊಲ್ಲಬೇಕು, ಕೊಯ್ಯಬೇಕು, ಒಂದೊಂದಕ್ಕೂ ಎಷ್ಟೋ ಹೊತ್ತು ಬೇಕು. ಈ ಕಷ್ಟವನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದಿನ ಕಥೆಯೆಲ್ಲ ಅದರದೇ.

ರಾಸನ ಬಳಿಕ ಎದ್ದ ಪ್ರಶ್ನೆ, ಯಾವ ನುಸಿ? ಎಂಬುದು. ಅನಾಫಿಲಿಸ್ ಕುಲದಲ್ಲಿ ಜಾತಿಗಳು ಬಹಳ. ಜ್ವರ ಹರಡುವವು ಕೆಲವೇ. ಊರ ಬಾವಿ, ತೊಟ್ಟಿಗಳಲ್ಲಿ ಹುಟ್ಟುವ ಸ್ಟಿಫೆನ್ಸೈ ಎಂಬುದನ್ನು ೧೯೦೧ರಲ್ಲಿ ಲಿಸ್ಟನ್ ವರ್ಣಿಸಿದ. ಮರುವರ್ಷ ಜೇಮ್ಸ್ ವರ್ಣಿಸಿದ ಫ್ಲೂವಿಯಾಟಿಲಿಸ್ ನಮ್ಮ ಘಟ್ಟದ ಬುಡದ ಒಡತಿ. ಹೆಸರಿನಲ್ಲೇ ಹೊಳೆಯಿದೆ. ಮಳೆ ಕಡಮೆಯಾಗಿ ತೋಡಿನ ನೀರು ತಿಳಿಯಾಗಿ, ಕಲ್ಲುಹುಲ್ಲುಗಳ ಅಂಚಿನಲ್ಲಿ ಮೆಲ್ಲನೆ ಸರಿಯುವಾಗ ಅದರ ಸಂತಾನ ಬೆಳೆಯುತ್ತದೆ. ಕೊಳಚೆಗೆ ಹೇಸಿ, ಮಿಂದು ಮಡಿಯುಟ್ಟು, ಕನ್ನಡಿಯಂಥ ಹರಿವ ನೀರಿನ ಬಳಿ ಮನೆ ಕಟ್ಟಿದವರಿಗೇ ಜ್ವರ ಯಾಕೆ ಬರುತ್ತಿತ್ತೆಂಬುದಕ್ಕೆ ಇದೇ ಉತ್ತರ.

ಈ ಜಾತಿನಿರ್ಣಯದ ಚರಿತ್ರೆಯಲ್ಲಿ ಮೈಸೂರಿನ ಪಾಲೂ ಇದೆ, ಅದನ್ನು ನಾವು ಮರೆತಿದ್ದೇವೆ. ರಾಕೆಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸಂಸ್ಥಾನದಲ್ಲಿ ನಡೆದ ಮಲೇರಿಯಾ ಅಭ್ಯಾಸದಲ್ಲಿ ದುಡಿದ ಡಬ್ಲ್ಯು. ಸಿ. ಸ್ವೀಟ್ ಮತ್ತು ಬಿ. ಎ. ರಾವ್ ಎಂಬವರು ೧೯೩೭ರಲ್ಲಿ ಒಂದು ವಿಚಿತ್ರವನ್ನು ಪ್ರಕಟಿಸಿದರು. ಸ್ಟಿಫೆನ್ಸೈ ನುಸಿಯ ಮೊಟ್ಟೆಗೆ ಎರಡೂ ಬದಿಯಲ್ಲಿ ದೋಣಿಯ ತೇಲುಗಟ್ಟಿಗೆಯಂಥ ಗಾಳಿಚೀಲಗಳಿರುತ್ತವೆ, ಅವುಗಳ ಮೇಲೆ ಗೀರುಗಳು. ಈ ಗೀರುಗಳನ್ನು ಎಣಿಸಿದಾಗ ಅವರಿಗೆ ಒಂದೇ ಜಾತಿಯಲ್ಲಿ ಎರಡು ಪಂಗಡಗಳು ಕಂಡವು. ಗೀರು ಹೆಚ್ಚಿರುವುದು ಪೇಟೆಯ ಪಂಗಡ, ಅದು ಜ್ವರ ಹರಡುವುದರಲ್ಲಿ ನಿಪುಣ. ಗೀರು ಕಡಮೆಯಿರುವುದು ಹಳ್ಳಿಯ ಪಂಗಡ, ಜ್ವರಕ್ಕೆ ಅಷ್ಟಾಗಿ ಒದಗದು. ಹಳ್ಳಿಯದಕ್ಕೆ ಅವರು ಇಟ್ಟ ಹೆಸರು ಮೈಸೊರೆನ್ಸಿಸ್. ಬೆಳೆದ ನುಸಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಯಾರಿಗೂ ಭೇದ ತಿಳಿಯದು. ಕೂದಲೆಳೆಗಿಂತ ಕಿರಿದಾದ ಮೊಟ್ಟೆಯ ಪಕ್ಕದ ಗೀರನ್ನು ಎಣಿಸುತ್ತ ಕುಳಿತ ಆ ತಾಳ್ಮೆಗೆ ನಮ್ಮ ಸಂಸ್ಥಾನದ ಹೆಸರು ಲೋಕದ ಕೀಟಶಾಸ್ತ್ರದಲ್ಲಿ ಉಳಿದಿದೆ.

ಇನ್ನೊಂದು ಪ್ರಶ್ನೆ ಇದಕ್ಕಿಂತ ದೊಡ್ಡದು. ನುಸಿಗೆ ವಯಸ್ಸೆಷ್ಟು?

ಇದು ತಮಾಷೆಯ ಮಾತಲ್ಲ. ರೋಗಿಯ ರಕ್ತ ಕುಡಿದ ನುಸಿ ಮರುದಿನವೇ ರೋಗ ಹಂಚಲಾರದು. ರೋಗಾಣು ಅದರ ಹೊಟ್ಟೆಯಲ್ಲಿ ಬೆಳೆದು, ಒಡೆದು, ಮರಿಗಳು ಜೊಲ್ಲಿನ ಗ್ರಂಥಿಯನ್ನು ಸೇರಲು ಹತ್ತು ಹನ್ನೆರಡು ದಿನ ಬೇಕು. ನುಸಿಗಳಲ್ಲಿ ಬಹುಪಾಲು ಅಷ್ಟು ದಿನ ಬದುಕುವುದೇ ಇಲ್ಲ. ದಿನಕ್ಕೆ ನೂರರಲ್ಲಿ ತೊಂಬತ್ತು ಉಳಿಯುತ್ತವೆಂದು ಇಟ್ಟುಕೊಂಡರೆ ಹನ್ನೆರಡನೆಯ ದಿನಕ್ಕೆ ಇಪ್ಪತ್ತೆಂಟು ಉಳಿದಿರುತ್ತವೆ. ದಿನಕ್ಕೆ ಎಪ್ಪತ್ತೇ ಉಳಿಯುತ್ತವೆಂದಾದರೆ ಹನ್ನೆರಡನೆಯ ದಿನಕ್ಕೆ ಒಂದೇ ಒಂದು. ಆದ್ದರಿಂದ ಮನೆಯಲ್ಲಿ ನುಸಿ ಎಷ್ಟಿದೆ ಎಂಬುದಕ್ಕಿಂತ ಮುದಿ ನುಸಿ ಎಷ್ಟಿದೆ ಎಂಬುದೇ ಮುಖ್ಯ. ಸಾವಿರ ಎಳೆಯ ನುಸಿಗಳು ನಿದ್ದೆಗೆಡಿಸಬಹುದು. ಜ್ವರ ತರಲು ಒಂದು ಮುದುಕಿ ಸಾಕು. (ಮುದುಕಿಯೇ ಸರಿ. ಗಂಡು ನುಸಿ ಸಾಧು ಪ್ರಾಣಿ, ರಕ್ತ ಮುಟ್ಟದು.)

ವಯಸ್ಸನ್ನು ತಿಳಿಯುವುದು ಹೇಗೆ? ಹಲ್ಲು ನೋಡಲು ಅದು ಎತ್ತಲ್ಲ. ದಾರಿ ತೋರಿಸಿದವರು ರಷ್ಯದ ವಿದುಷಿಯರು. ಒಮ್ಮೆಯೂ ಮೊಟ್ಟೆಯಿಡದ ನುಸಿಯ ಅಂಡಾಶಯದಲ್ಲಿ ಉಸಿರುನಾಳದ ಎಳೆಗಳು ಸುರುಳಿ ಸುತ್ತಿಕೊಂಡಿರುತ್ತವೆ. ಒಮ್ಮೆ ಮೊಟ್ಟೆ ಕಟ್ಟಿತೆಂದರೆ ಸುರುಳಿ ಬಿಚ್ಚಿ ಮತ್ತೆ ಸುತ್ತಿಕೊಳ್ಳದು. ಇದನ್ನು ತೋರಿಸಿದವಳು ಡೆಟಿನೋವಾ. ಎಷ್ಟು ಸಾರಿ ಮೊಟ್ಟೆಯಿಟ್ಟಿತೋ ಅಷ್ಟು ಸಣ್ಣ ಗಂಟುಗಳು ಅಂಡನಾಳದಲ್ಲಿ ಉಳಿಯುತ್ತವೆಂದು ೧೯೪೯ರಲ್ಲಿ ಹೇಳಿದವಳು ಪೊಲೊವೊಡೋವಾ. ಆಗ ತಾನೆ ಸತ್ತ ನುಸಿಯನ್ನು ನೀರಿನ ಹನಿಯಲ್ಲಿಟ್ಟು, ಎರಡು ಸೂಜಿಗಳಿಂದ ಹೊಟ್ಟೆ ಬಿಡಿಸಿ, ಹೊಗೆಯೆಳೆಯಂಥ ಅಂಡಾಶಯವನ್ನು ಹರಿಯದಂತೆ ಎಳೆದು ನೋಡಬೇಕು. ಪಳಗಿದ ಕೈಗೂ ದಿನಕ್ಕೆ ಕೆಲವು ಹತ್ತು ನುಸಿಗಳೇ ಮುಗಿಯುವುದು. ಹೀಗೆ ವಿದ್ಯೆ ಇತ್ತು, ಕೈಗಳು ಇರಲಿಲ್ಲ.

ಅಷ್ಟರಲ್ಲಿ ಡಿಡಿಟಿ ಬಂತು. ೧೯೪೬ರಲ್ಲಿ ಡಿ. ಕೆ. ವಿಶ್ವನಾಥನ್ ಅವರ ಮುಂದಾಳುತನದಲ್ಲಿ, ಆಗ ಮುಂಬಯಿ ಪ್ರಾಂತದಲ್ಲಿದ್ದ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗೋಡೆಗಳಿಗೆ ಡಿಡಿಟಿ ಸಿಂಪಡಿಸಿದರು. ಜ್ವರದಿಂದ ಜನ ಕರಗುತ್ತಿದ್ದ ಮಲೆನಾಡಿನಲ್ಲಿ ಅದರ ಫಲ ಕಂಡವರಿಗೆ ಅದು ಪವಾಡವಾಗಿ ತೋರಿತು. ಪವಾಡದ ಗುಟ್ಟು ಮೇಲೆ ಹೇಳಿದ ಲೆಕ್ಕದಲ್ಲೇ ಇದೆ. ರಕ್ತ ಕುಡಿದು ಭಾರವಾದ ನುಸಿ ಗೋಡೆಯ ಮೇಲೆ ಕೂರುತ್ತದೆ, ಗೋಡೆಯಲ್ಲಿ ವಿಷ. ಎಲ್ಲ ನುಸಿಗಳನ್ನೂ ಕೊಲ್ಲಬೇಕಾಗಿಲ್ಲ, ಮುಪ್ಪಿಗೆ ಮುಟ್ಟಲು ಬಿಡದಿದ್ದರೆ ಸಾಕು. ೧೯೫೩ರಲ್ಲಿ ದೇಶದಾದ್ಯಂತ ಮಲೇರಿಯಾ ಹತೋಟಿ ಯೋಜನೆ ಆರಂಭವಾಯಿತು, ೧೯೫೮ರಲ್ಲಿ ಅದೇ ನಿರ್ಮೂಲನ ಯೋಜನೆಯೆನಿಸಿತು. ಯೋಜನೆಗೆ ಮೊದಲು ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಜ್ವರ, ಎಂಟು ಲಕ್ಷ ಸಾವು ಎಂದು ಅಂದಾಜು. ೧೯೬೫ರ ಹೊತ್ತಿಗೆ ದೇಶದಲ್ಲೆಲ್ಲ ಕೂಡಿ ರೋಗಿಗಳು ಸುಮಾರು ಒಂದು ಲಕ್ಷ.

ಬೂದುಬಣ್ಣದ ಆ ಸಿಂಪಡಿಕೆಯ ವಾಸನೆ, ಗೋಡೆಯಲ್ಲಿ ಬರೆದ ತಾರೀಕು, ದೇವರ ಕೋಣೆಗೆ ಬೇಡವೆಂದು ಅಜ್ಜಿಯರು ಹೂಡುತ್ತಿದ್ದ ಜಗಳ, ಇವನ್ನು ನೆನೆಯುವ ಹಿರಿಯರು ಪುತ್ತೂರು ಸುಳ್ಯಗಳಲ್ಲಿ ಇನ್ನೂ ಇದ್ದಾರೆ. ಆದರೆ ಡಿಡಿಟಿ ಇನ್ನೊಂದು ಕೆಲಸವನ್ನೂ ಮಾಡಿತು; ಅದನ್ನು ಯಾರೂ ಗಮನಿಸಲಿಲ್ಲ. ಯಾವ ನುಸಿ, ಎಷ್ಟು ವಯಸ್ಸು ಎಂದು ಕೇಳುವ ಅಗತ್ಯವೇ ಇಲ್ಲವೆನಿಸಿತು. ಎಲ್ಲ ಗೋಡೆಗೂ ಒಂದೇ ಮದ್ದು ಹೊಡೆಯುವಾಗ ಮೊಟ್ಟೆಯ ಗೀರು ಎಣಿಸುವವನಿಗೇನು ಕೆಲಸ? ನುಸಿಗಳು ವಿಷವನ್ನು ತಾಳಲು ಕಲಿತವು, ಹಣ ಸಾಲದಾಯಿತು, ಮೈಮರೆವೂ ಸೇರಿತು. ೧೯೭೬ರಲ್ಲಿ ದೇಶದ ರೋಗಿಗಳ ಸಂಖ್ಯೆ ಅರುವತ್ತನಾಲ್ಕು ಲಕ್ಷ. ನೋಡುವುದನ್ನು ಬಿಟ್ಟದ್ದಕ್ಕೆ ತೆತ್ತ ಬೆಲೆಯಲ್ಲಿ ಇದೂ ಒಂದು ಪಾಲೆಂದು ನನ್ನ ಅಭಿಪ್ರಾಯ.

ಮತ್ತೆ ನೋಡತೊಡಗಿದಾಗ ನಮ್ಮ ಹಳೆಯ ಒಡತಿಯೂ ಬೇರೆ ರೂಪದಲ್ಲಿ ಕಂಡಳು. ದಿಲ್ಲಿಯ ಮಲೇರಿಯಾ ಸಂಶೋಧನ ಕೇಂದ್ರದ ಸರಳಾ ಸುಬ್ಬರಾವ್ ಮತ್ತು ಅವರ ಸಂಗಡಿಗರು ೧೯೯೪ರಲ್ಲಿ, ಫ್ಲೂವಿಯಾಟಿಲಿಸ್ ಎಂಬುದು ಒಂದು ಜಾತಿಯಲ್ಲ, ಕಣ್ಣಿಗೆ ಒಂದೇ ಆಗಿ ಕಾಣುವ ಮೂರು ಜಾತಿಗಳೆಂದು ವರ್ಣತಂತುಗಳ ಪಟ್ಟೆಗಳನ್ನು ಹೋಲಿಸಿ ತೋರಿಸಿದರು. ಒಂದಕ್ಕೆ ಮನುಷ್ಯನ ರಕ್ತವೇ ಬೇಕು. ಉಳಿದೆರಡು ಹೆಚ್ಚಾಗಿ ಹಟ್ಟಿಯ ದನಗಳಿಂದ ತೃಪ್ತ. ಒಂದೇ ಹಟ್ಟಿಯ ಗೋಡೆಯ ಮೇಲೆ ಹತ್ತಿರ ಹತ್ತಿರ ಕುಳಿತ ಎರಡು ನುಸಿಗಳಲ್ಲಿ ಒಂದು ಕೊಲೆಪಾತಕಿ, ಇನ್ನೊಂದು ನಿರಪರಾಧಿ ಆಗಿರಬಹುದು. ಮಸೂರವಾಗಲಿ ಸೂಕ್ಷ್ಮದರ್ಶಕವಾಗಲಿ ಹೊರಗಿನಿಂದ ಅದನ್ನು ಹೇಳಲಾರದು.

ಈ ನಡುವೆ ಮೂರು ತಾಲೂಕುಗಳ ಮುಖವೂ ಬದಲಾಗಿತ್ತು. ೧೯೬೪ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಸಿಂಹಳದಿಂದ ಹಿಂದಿರುಗಿದ ತಮಿಳು ಕೂಲಿಕಾರರಿಗೆ ಬದುಕು ಕಲ್ಪಿಸಲು ಸುಳ್ಯ, ಪುತ್ತೂರುಗಳ ಕಾಡಿನಲ್ಲಿ ಸರಕಾರದ ರಬ್ಬರ್ ತೋಟಗಳು ಎದ್ದವು. ಖಾಸಗಿಯವರೂ ರಬ್ಬರ್ ಹಾಕಿದರು. ಮರಕ್ಕೊಂದು ಗೆರಟೆ ಇಲ್ಲವೆ ಬಟ್ಟಲು. ಹಾಲು ತೆಗೆಯದ ಮಳೆಗಾಲದಲ್ಲಿ ಅದನ್ನು ಮಗುಚದೆ ಬಿಟ್ಟರೆ ಒಂದೊಂದು ಬಟ್ಟಲೂ ಒಂದೊಂದು ಕೆರೆ. ಅಡಕೆ ತೋಟದಲ್ಲೋ ಉದುರಿದ ಹಾಳೆಯೇ ದೋಣಿಯಂತೆ ನೀರು ಹಿಡಿಯುತ್ತದೆ. ಹರಿವ ತೋಡಿನ ಫ್ಲೂವಿಯಾಟಿಲಿಸನ್ನು ಕಾಯುತ್ತಿದ್ದ ನಾಡಿನಲ್ಲಿ, ನಿಂತ ಹನಿನೀರಿನಲ್ಲಿ ಹುಟ್ಟುವ, ಕಾಲಿಗೆ ಬಿಳಿಪಟ್ಟೆಯ ಈಡಿಸ್ ಆಲ್ಬೊಪಿಕ್ಟಸ್ ಬೆಳೆಯುತ್ತಿತ್ತು. ಇದು ಹಗಲು ಕಚ್ಚುವ ಪ್ರಾಣಿ. ತೋಟದಲ್ಲಿ ಕೆಲಸ ಮಾಡುವವರು ತುರಿಸಿಕೊಂಡು ಸುಮ್ಮನಾದರು.

೨೦೦೮ರ ಮಳೆಗಾಲದಲ್ಲಿ ಚಿಕೂನ್‌ಗುನ್ಯ ನಮ್ಮ ಜಿಲ್ಲೆಗೆ ಬಿತ್ತು. ಸುಳ್ಯ, ಪುತ್ತೂರು ಕಡೆಯ ಹಳ್ಳಿಗಳಲ್ಲಿ ಮನೆಮನೆಗಳೇ ಮಲಗಿದವು. ಈಡಿಸ್ ಈಜಿಪ್ಟೈ ಎಂಬ ಪೇಟೆಯ ನುಸಿಯಲ್ಲಿ ಬೆಳೆದುಬಂದ ಆ ವಿಷಾಣು, ತನ್ನ ಮೈಯ ಒಂದು ಅಕ್ಷರವನ್ನು ತಿದ್ದಿಕೊಂಡು, ತೋಟದ ಆಲ್ಬೊಪಿಕ್ಟಸ್‌ನಲ್ಲೂ ಸೊಗಸಾಗಿ ಬೆಳೆಯಲು ಕಲಿತಿತ್ತು. ಹಿಂದಿನ ವರ್ಷ ಕೇರಳದಲ್ಲಿ ಅದರ ಗುರುತು ಸಿಕ್ಕಿತ್ತು. ಈ ಹೆಸರು ಆಫ್ರಿಕದ ಮಕೊಂಡೆ ಜನರ ಮಾತು, 'ಬಾಗಿಸುವುದು' ಎಂದು ಅರ್ಥ. ನಮ್ಮ ಊರಿನವರಿಗೆ ಆ ಭಾಷೆ ಕಲಿಯಬೇಕಾಗಲಿಲ್ಲ. ಮೂವತ್ತು ವರ್ಷದ ಗಟ್ಟಿ ಆಳು ಗೋಡೆ ಹಿಡಿದು ಅಂಗಳಕ್ಕಿಳಿಯುತ್ತಿದ್ದ. ಅಡಕೆಗೆ ಮದ್ದು ಬಿಡುವ ಕಾಲ ಅದು. ಮರ ಹತ್ತುವವರ ಮೊಣಕಾಲು, ಮಣಿಕಟ್ಟು ಬಾತು ಕೂತಿದ್ದವು. ನಮ್ಮ ಮಗ್ಗುಲ ತೋಟಕ್ಕೆ ಆ ವರ್ಷ ಮದ್ದೇ ಬೀಳಲಿಲ್ಲ, ಕೊಳೆರೋಗ ಬಂದು ಗೊನೆಗಳು ಬುಡಕ್ಕೆ ಸುರಿದವು. ಜ್ವರ ಮೂರು ದಿನದ್ದು, ಸಂದು ನೋವು ತಿಂಗಳುಗಟ್ಟಲೆಯದು, ಸಾಲ ಮೂರು ವರ್ಷದ್ದು. ನನ್ನ ಚಿಕ್ಕಮ್ಮ ಇಂದಿಗೂ ಮಳೆ ಹಿಡಿದರೆ ತೆಂಗಿನಕಾಯಿ ತುರಿಯಲಾರರು.

ಆ ವರ್ಷ ನಮ್ಮಲ್ಲಿ ಹೊಗೆ ಹಾಕುವ ಯಂತ್ರಗಳು ಬಂದವು, ಹೋದವು. ನುಸಿಗಳಲ್ಲಿ ಎಷ್ಟಕ್ಕೆ ಸೋಂಕಿದೆಯೆಂದು ಆಗಿಂದಾಗ ತಿಳಿದಿದ್ದರೆ ಯಾವ ತೋಟಕ್ಕೆ ಮೊದಲು ಹೋಗಬೇಕೆಂದು ತಿಳಿಯುತ್ತಿತ್ತು. ವಿಷಾಣುವಿನ ಪರೀಕ್ಷೆಗೆ ನುಸಿಗಳನ್ನು ಅರೆದು, ತಂಪಿನಲ್ಲಿ ದೂರದ ಪ್ರಯೋಗಶಾಲೆಗೆ ಕಳುಹಿಸಿ ಕಾಯಬೇಕು, ಖರ್ಚೂ ವಿಪರೀತ. ಪಾಸ್ಚರನ ಕಷ್ಟವೇ ಮತ್ತೆ.

ಇನ್ನು ಬೆಳಕಿನ ಮಾತು. ೧೮೦೦ರಲ್ಲಿ ಖಗೋಳಜ್ಞ ವಿಲಿಯಂ ಹರ್ಷೆಲ್ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು ಒಂದೊಂದು ಬಣ್ಣದ ಬಿಸಿಯನ್ನೂ ಉಷ್ಣಮಾಪಕದಿಂದ ಅಳೆಯುತ್ತಿದ್ದ. ಕೆಂಪಿನಾಚೆ, ಏನೂ ಕಾಣದ ಕಡೆಯಲ್ಲಿ ಇಟ್ಟ ಉಷ್ಣಮಾಪಕವೇ ಎಲ್ಲಕ್ಕಿಂತ ಹೆಚ್ಚು ಏರಿತು. ಕಾಣದ ಬೆಳಕೊಂದು ಇದೆಯೆಂದಾಯಿತು. ಅದಕ್ಕೆ ಅವಕೆಂಪು ಎಂದು ಹೆಸರು. ಇದರಲ್ಲಿ ಕೆಂಪಿಗೆ ಹತ್ತಿರದ ಪಾಲನ್ನು ಒಂದು ವಸ್ತುವಿನ ಮೇಲೆ ಬಿಟ್ಟರೆ ಅದರಲ್ಲಿನ ನೀರು, ಕೊಬ್ಬು, ಸಸಾರಜನಕದ ಪದಾರ್ಥಗಳು ತಮತಮಗೆ ಸಲ್ಲುವ ಅಲೆಗಳನ್ನು ಹೀರಿ ಉಳಿದುದನ್ನು ಹಿಂದಕ್ಕೆ ಕಳುಹಿಸುತ್ತವೆ. ಮರಳಿ ಬಂದ ಬೆಳಕಿನಲ್ಲಿ ಯಾವುದು ಎಷ್ಟು ಕಡಮೆಯಾಗಿದೆಯೆಂದು ನೋಡಿದರೆ ವಸ್ತುವಿನೊಳಗೆ ಏನಿದೆಯೆಂದು ಊಹಿಸಬಹುದು. ಚದರಿದ ಬೆಳಕಿನಿಂದ ಅಣುವಿನ ಗುರುತು ಹಿಡಿಯುವ ದಾರಿಯನ್ನು ೧೯೨೮ರಲ್ಲಿ ತೋರಿಸಿ, ಬಳಿಕ ಬೆಂಗಳೂರಿನಲ್ಲೇ ನೆಲಸಿದ ರಾಮನ್ನರ ನಾಡಿನವರಿಗೆ ಈ ಮಾತು ತೀರ ಅಪರಿಚಿತವಾಗದು. ಕೆಲಸ ಬೇರೆ ಬಗೆಯದಾದರೂ ಕುಲ ಒಂದೇ.

ಅಮೆರಿಕದಲ್ಲಿ ಕಾರ್ಲ್ ನಾರಿಸ್ ಎಂಬಾತ ೧೯೬೦ರ ದಶಕದಲ್ಲಿ ಇದನ್ನು ಕಾಳಿನ ತೇವ ಅಳೆಯಲು ಬಳಸಿದ. ಗೋದಿಯ ಸೀಮೆಯಾದ ಕಾನ್ಸಸ್ಸಿನಲ್ಲಿ, ಕಾಳಿನೊಳಗೆ ಹುದುಗಿರುವ ಹುಳುವನ್ನು ಕಾಳು ಒಡೆಯದೆ ಕಂಡುಹಿಡಿಯಲು ಇದೇ ಬೆಳಕನ್ನು ಬಿಟ್ಟು ನೋಡಿದರು. ೧೯೯೯ರಲ್ಲಿ ಫ್ಲಾಯ್ಡ್ ಡವೆಲ್ ಮತ್ತು ಸಂಗಡಿಗರು ದವಸದ ಹುಳುಗಳ ಜಾತಿಯನ್ನೇ ಬೆಳಕಿನಿಂದ ಬೇರ್ಪಡಿಸಿದರು. ಮೈಸೂರಿನವರ ನುಸಿ ಇದು! ಹುಳುವಿನ ಜಾತಿ ತಿಳಿಯುವುದಾದರೆ ವಯಸ್ಸು ಯಾಕೆ ತಿಳಿಯಬಾರದು? ೨೦೦೨ರಲ್ಲಿ ಮನೆನೊಣದ ವಯಸ್ಸನ್ನು ಹೀಗೆ ಅಂದಾಜು ಮಾಡಿದರು. ಬಳಿಕ ಆಫ್ರಿಕದ ಟ್ಸೆಟ್ಸೆ ನೊಣ ಇನ್ನೂ ಕೋಶದೊಳಗಿರುವಾಗಲೇ ಗಂಡೋ ಹೆಣ್ಣೋ ಎಂದು ಬೇರ್ಪಡಿಸಿದರು. ೨೦೦೯ರಲ್ಲಿ ಟಾಂಜಾನಿಯದ ಇಫಾಕಾರದ ಸಂಶೋಧಕರು ಡವೆಲ್ ಜೊತೆಗೂಡಿ ನಮ್ಮ ನುಸಿಗೆ ಬಂದರು. ಅಮಲು ಹಿಡಿಸಿದ ನುಸಿಯನ್ನು ಬಿಳಿಯ ತಟ್ಟೆಯ ಮೇಲೆ ಮಲಗಿಸಿ, ಗಾಜಿನೆಳೆಗಳ ಒಂದು ಕೋಲನ್ನು ಅದರ ಮೇಲೆ ಹಿಡಿದು ಬೆಳಕು ಬಿಟ್ಟು, ಮರಳಿದುದನ್ನು ಗಣಕಯಂತ್ರಕ್ಕೆ ಕೊಟ್ಟರೆ ಕೆಲಸ ಕೆಲವು ಕ್ಷಣಗಳಲ್ಲಿ ಮುಗಿಯುತ್ತದೆ. ಕೊಯ್ಯುವುದಿಲ್ಲ, ಅರೆಯುವುದಿಲ್ಲ. ಏಳು ದಿನಕ್ಕೆ ಕೆಳಗಿನದೋ ಮೇಲಿನದೋ ಎಂಬುದನ್ನು ನೂರಕ್ಕೆ ಸುಮಾರು ಎಂಬತ್ತು ಸಲ ಸರಿಯಾಗಿ ಹೇಳಿತು. ನೋಡಲು ಒಂದೇ ಆಗಿರುವ ಎರಡು ಆಫ್ರಿಕದ ಜಾತಿಗಳನ್ನೂ ಬೇರ್ಪಡಿಸಿತು. ಚಿಕೂನ್‌ಗುನ್ಯಕ್ಕೆ ಹೆಸರು ಕೊಟ್ಟ ಮಕೊಂಡೆ ಜನರ ದೇಶವೂ ಇದೇ ಟಾಂಜಾನಿಯ.

ಸೋಂಕಿನ ಸರದಿ ಮುಂದಿನದು. ಅನೇಕ ಹುಳುಗಳ ಜೀವಕಣಗಳಲ್ಲಿ ವೊಲ್ಬಾಕಿಯ ಎಂಬ ಸೂಕ್ಷ್ಮಜೀವಿ ಬಾಡಿಗೆ ಕೊಡದೆ ವಾಸವಾಗಿರುತ್ತದೆ. ಅದನ್ನು ೧೯೨೪ರಲ್ಲಿ ಮೊದಲು ಕಂಡದ್ದೂ ನುಸಿಯಲ್ಲೇ. ಡೆಂಗಿ ತರುವ ಈಜಿಪ್ಟೈಯಲ್ಲಿ ಸ್ವಭಾವತಃ ಇದಿಲ್ಲ. ಹೊರಗಿನಿಂದ ಸೇರಿಸಿದರೆ ಡೆಂಗಿಯ ವಿಷಾಣು ಅದರಲ್ಲಿ ಬೆಳೆಯದು. ಇಂಥ ನುಸಿಗಳನ್ನು ಬಿಟ್ಟ ಇಂಡೊನೇಷ್ಯದ ಯೋಗ್ಯಕರ್ತ ನಗರದಲ್ಲಿ ಡೆಂಗಿ ನೂರಕ್ಕೆ ಎಪ್ಪತ್ತೇಳರಷ್ಟು ಇಳಿಯಿತೆಂದು ೨೦೨೧ರಲ್ಲಿ ಪ್ರಕಟವಾಯಿತು. ಪುದುಚೇರಿಯ ಸಂಶೋ­ಧನ ಕೇಂದ್ರದವರೂ ೨೦೨೨ರಲ್ಲಿ ಇಂಥ ತಳಿಗಳನ್ನು ಸಿದ್ಧಪಡಿಸಿರುವುದಾಗಿ ತಿಳಿಸಿದರು. ಬಿಟ್ಟ ಮೇಲೆ ಊರ ನುಸಿಗಳಲ್ಲಿ ಅದು ಹರಡಿತೇ ಎಂದು ನೋಡುತ್ತಿರಬೇಕಲ್ಲ? ಹಣ್ಣುನೊಣದಲ್ಲಿ ೨೦೧೨ರಲ್ಲಿ, ಈಜಿಪ್ಟೈಯಲ್ಲಿ ೨೦೧೬ರಲ್ಲಿ, ವೊಲ್ಬಾಕಿಯ ಇರುವುದನ್ನು ಬೆಳಕಿನಿಂದಲೇ ಗುರುತಿಸಿದರು. ೨೦೧೮ರಲ್ಲಿ ಆಸ್ಟ್ರೇಲಿಯ, ಬ್ರೆಜಿಲ್‌ಗಳ ಸಂಶೋಧಕರು ಜೀಕಾ ವಿಷಾಣುವಿನ ಸೋಂಕನ್ನು ನೂರಕ್ಕೆ ತೊಂಬತ್ತನಾಲ್ಕಕ್ಕೂ ಹೆಚ್ಚು ಸಲ ಸರಿಯಾಗಿ ಹೇಳಿದರು. ರೂಢಿಯ ಪರೀಕ್ಷೆಗಿಂತ ಇದು ಹದಿನೆಂಟು ಪಟ್ಟು ಬೇಗ, ನೂರಹತ್ತು ಪಟ್ಟು ಅಗ್ಗವೆಂದು ಅವರ ಲೆಕ್ಕ.

ಇಷ್ಟು ಓದಿ, ನಾಳೆಯೇ ಒಂದು ಯಂತ್ರವನ್ನು ಸುಳ್ಯದ ಬಸ್ಸಿಗೆ ಹತ್ತಿಸೋಣವೆನ್ನುವವರು ಸ್ವಲ್ಪ ತಾಳಬೇಕು. ಬೆಳಕಿಗೆ ಯಾವುದೂ ತಾನಾಗಿ ಗೊತ್ತಿಲ್ಲ. ವಯಸ್ಸು ಗೊತ್ತಿರುವ, ಸೋಂಕು ಗೊತ್ತಿರುವ ನೂರಾರು ನುಸಿಗಳನ್ನು ಮೊದಲು ತೋರಿಸಿ ಅದಕ್ಕೆ ಪಾಠ ಹೇಳಬೇಕು. ಪ್ರಯೋಗಶಾಲೆಯಲ್ಲಿ ಸಕ್ಕರೆನೀರು ಕುಡಿದು ಬೆಳೆದ ನುಸಿಗಳಿಂದ ಕಲಿತ ಪಾಠ, ಗಾಳಿಮಳೆಗೆ ಸಿಕ್ಕಿದ ಕಾಡು ನುಸಿಯ ಎದುರು ಹಲವೆಡೆ ತಪ್ಪಿದೆ. ನೀರು, ಆಹಾರ, ಸೆಕೆ, ಇವೆಲ್ಲ ನುಸಿಯ ಮೈಯನ್ನು ಬದಲಿಸುತ್ತವೆ, ಮೈ ಬದಲಾದರೆ ಬೆಳಕೂ ಬದಲಾಗುತ್ತದೆ. ನಮ್ಮ ರಬ್ಬರ್ ತೋಟದ ಆಲ್ಬೊಪಿಕ್ಟಸ್‌ನಲ್ಲಿಯೋ ವೊಲ್ಬಾಕಿಯ ಸ್ವಭಾವತಃ ಇದೆ. ಇದ್ದೂ ೨೦೦೮ರಲ್ಲಿ ಅದು ಮಾಡಬೇಕಾದುದನ್ನು ಮಾಡಿತು. ಬೇರೆ ದೇಶದ ಬೇರೆ ನುಸಿಯ ಪಾಠವನ್ನು ಇದಕ್ಕೆ ಓದಿಸಿದರೆ ನಡೆಯದು.

ಹೀಗಾಗಿ ಡೆಟಿನೋವಾಳ ಸೂಜಿಗಳಿಗೆ ಇನ್ನೂ ಕೆಲಸವಿದೆ. ಮಲೇರಿಯಾ ಇಲಾಖೆಯಲ್ಲಿ ಕೀಟ ಸಂಗ್ರಾಹಕನೆಂಬ ಒಂದು ಹುದ್ದೆಯುಂಟು. ಬೆಳಗಾಗುವಾಗ ಟಾರ್ಚನ್ನೂ ಒಂದು ಗಾಜಿನ ಕೊಳವೆಯನ್ನೂ ಹಿಡಿದು ಹಟ್ಟಿಗೆ ಹೋಗುವುದು. ಗೋಡೆಯಲ್ಲಿ, ಸೋಗೆಯ ಅಡಿಯಲ್ಲಿ ಕುಳಿತ ನುಸಿಯ ಮೇಲೆ ಬೆಳಕು ಬಿಟ್ಟು, ಕೊಳವೆಯ ಇನ್ನೊಂದು ತುದಿಯನ್ನು ಬಾಯಿಗಿಟ್ಟು ಮೆಲ್ಲನೆ ಉಸಿರೆಳೆದು ಅದನ್ನು ಒಳಗೆ ಸೆಳೆಯುವುದು. ಒಂದು ಗಂಟೆಗೆ ಎಷ್ಟು ಸಿಕ್ಕಿತೆಂದು ಬರೆಯುವುದು. ಚಿಕ್ಕಂದಿನಲ್ಲಿ ನಮ್ಮ ಹಟ್ಟಿಗೆ ಹೀಗೆ ಒಬ್ಬರು ಬರುತ್ತಿದ್ದರು. ದನ ಕಾಲೆತ್ತದಂತೆ ನನ್ನ ತಂದೆ ಹಗ್ಗ ಹಿಡಿದು ನಿಲ್ಲುತ್ತಿದ್ದರು. ಕೆಲಸ ಮುಗಿದ ಮೇಲೆ ಅವರಿಗೆ ಜಗಲಿಯಲ್ಲಿ ಬೆಲ್ಲದ ಕಾಫಿ. ಹತ್ತಿ ತುರುಕಿದ ಕೊಳವೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಮೊದಲ ಬಸ್ಸು ತಪ್ಪೀತೆಂದು ತೋಟದ ಸಂಕದ ಮೇಲೆ ಬೇಗ ಬೇಗ ನಡೆದುಹೋಗುತ್ತಿದ್ದರು.